ತೊಗರಿ ಹೊಲದ ಚಿಗರಿ

ಕಲಬುರಗಿಗೆ ಕಾಡುಪ್ರಾಣಿ ನೋಡಬೇಕೆಂದು ಯಾರೂ ಬರುವುದಿಲ್ಲ. ಬಂದೇನವಾಜರ ಉರುಸಿಗೆ ಬರುತ್ತಾರೆ, ಶರಣಬಸವೇಶ್ವರರ ತೇರಿಗೆ ಬರುತ್ತಾರೆ, ಹೈಕೋರ್ಟ್ ಪೀಠದಲ್ಲಿ ತಾರೀಖು ಇದ್ದವರು ಕಂಕುಳಲ್ಲಿ ಫೈಲು ಅವುಚಿಕೊಂಡು ಬರುತ್ತಾರೆ. ಲಾಡ್ಜಿನ ರಿಜಿಸ್ಟರಿನಲ್ಲಿ ಬಂದ ಕಾರಣ ಬರೆಯುವ ಕಾಲಂ ಇತ್ತು. ತೋಳ, ಚಿಗರಿ ನೋಡಲು ಎಂದೆ. ಮ್ಯಾನೇಜರು ತಲೆಯೆತ್ತಿ, “ತ್ವಾಳಾ? ಅದಕ್ಕ ನೀವು ದಾಂಡೇಲಿ ಕಡಿ ಹೋಗಬೇಕಿತ್ತಲ್ರಿ ಸರ” ಎಂದರು. ಆಮೇಲೆ ಕಾಲಂನಲ್ಲಿ ‘ಪರ್ಸನಲ್’ ಎಂದು ಬರೆದುಕೊಂಡರು.

ಅವರದ್ದೇನೂ ತಪ್ಪಿಲ್ಲ. ವನ್ಯಜೀವಿ ಎಂದರೆ ಮಲೆನಾಡು, ಮಳೆ, ಆನೆ, ಹುಲಿ ಎಂದು ನಮಗೆಲ್ಲ ಶಾಲೆಯಿಂದಲೇ ಅಭ್ಯಾಸವಾಗಿದೆ. ಆದರೆ ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಚಿಗರಿಯೂ ಅಲ್ಲ. ನಾವು ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆಯುವ ಆ ಪ್ರಾಣಿಗೆ ಬಯಲು ಬೇಕು, ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗ ಬೇಕು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ಕೊಪ್ಪಳಗಳ ಎರೆ ಭೂಮಿ, ಕಲ್ಲು ದಿಬ್ಬ, ಕುರುಚಲು ಹುಲ್ಲು ಈ ಎರಡೂ ಪ್ರಾಣಿಗಳ ತವರು. ಅಲ್ಲಿ ಅವುಗಳ ಜೊತೆ ನಾವೂ ಇದ್ದೇವೆ, ಅಷ್ಟೇ.

ನಾನು ಹೊರಡಲು ಕಾರಣ ಒಂದು ಸುದ್ದಿ. 2025ರಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನಷ್ಟು ಜಾಗವನ್ನು ತೋಳಗಳಿಗಾಗಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಭಾರತದ ತೋಳವನ್ನು ಬೇರೆಯಾಗಿ ಪರಿಗಣಿಸಿ, ಅಪಾಯಕ್ಕೆ ಸಿಲುಕಿದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಉಳಿದಿರುವುದು ಸುಮಾರು ಮೂರು ಸಾವಿರ. ಹುಲಿಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಹುಲಿಗೆ ಐವತ್ತಕ್ಕೂ ಹೆಚ್ಚು ಮೀಸಲು ಅರಣ್ಯಗಳಿವೆ, ಪ್ರಾಧಿಕಾರವಿದೆ, ಅನುದಾನವಿದೆ, ಜುಲೈನಲ್ಲಿ ಒಂದು ದಿನಾಚರಣೆಯೂ ಇದೆ. ತೋಳದ ಪಾಲಿಗೆ ಬಂದಿರುವುದು ಕುರಿ ಕದಿಯುವ ಅಪಖ್ಯಾತಿ. ಬಂಕಾಪುರಕ್ಕೆ ಹೋಗುವ ಬದಲು, ಯಾವ ಘೋಷಣೆಯೂ ಆಗದ ಊರಿನಲ್ಲಿ ಈ ಪ್ರಾಣಿಗಳ ಬದುಕು ಹೇಗಿದೆ ನೋಡೋಣ ಅನ್ನಿಸಿತು.

ಮೊದಲ ಬೆಳಗು ಕೋಟೆಯಲ್ಲಿ ಕಳೆಯಿತು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನಿ ರಾಜ್ಯ ಕಟ್ಟಿ ಇದನ್ನು ರಾಜಧಾನಿ ಮಾಡಿಕೊಂಡ. ಒಳಗಿನ ಜಾಮಿ ಮಸೀದಿಗೆ, ಬೇರೆಡೆ ಇರುವಂತೆ, ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು. ಗೋಡೆಯ ಸಂದುಗಳಲ್ಲಿ ಪಾರಿವಾಳ, ಗಿಳಿಗಳ ಗಲಾಟೆ. ಬುರುಜಿನ ಮೇಲೆ ನಿಂತರೆ ಈಗ ನಾಲ್ಕೂ ದಿಕ್ಕಿಗೆ ತಾರಸಿ ಮನೆಗಳೇ. ಸುಲ್ತಾನರಿಗೆ ಕಂಡಿದ್ದು ಬಯಲು. ಆ ಕಾಲದ ದೊರೆಗಳು ಚೀತಾಗಳನ್ನು ಸಾಕಿ, ಬಂಡಿಯ ಮೇಲೆ ಬಯಲಿಗೆ ಒಯ್ದು, ಕಣ್ಣಿನ ಪಟ್ಟಿ ಬಿಚ್ಚಿ ಚಿಗರಿಯ ಹಿಂದೆ ಬಿಡುತ್ತಿದ್ದರು. ಈ ಆಟ ದಖ್ಖನಿನಿಂದ ದೆಹಲಿಯವರೆಗೂ ಇತ್ತು. ಚಿಗರಿ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಲು ಕಲಿತದ್ದು ಚೀತಾದಂಥ ಬೇಟೆಗಾರನಿಂದ ತಪ್ಪಿಸಿಕೊಳ್ಳಲು. 1952ರಲ್ಲಿ ಚೀತಾ ಭಾರತದಲ್ಲಿ ನಾಮಾವಶೇಷವಾಯಿತೆಂದು ಸಾರಿದರು. 2022ರಲ್ಲಿ ಆಫ್ರಿಕದಿಂದ ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೊದಲ್ಲಿ ಬಿಟ್ಟರು. ಅಟ್ಟಿಸಿಕೊಂಡು ಬರುವವನು ಇಲ್ಲದಿದ್ದರೂ ಇಲ್ಲಿಯ ಚಿಗರಿ ಓಡುವುದನ್ನು ಮರೆತಿಲ್ಲ. ಈಗ ಅಟ್ಟಿಸಿಕೊಂಡು ಬರುವುದು ಬೀದಿನಾಯಿ, ಬೈಕು.

ಕಮಲಾಪುರಕ್ಕೆ ಹೊರಟ ದಿನ ಎಳ್ಳ ಅಮಾವಾಸ್ಯೆ. ಈ ಸೀಮೆಯಲ್ಲಿ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಪೇಟೆಯಲ್ಲಿ ಅಂಗಡಿ ಅರ್ಧ ಬಾಗಿಲು. ಸಾರಿಗೆ ಬಸ್ಸಿನ ತುಂಬ ಬುಟ್ಟಿಗಳು; ಬಟ್ಟೆ ಮುಚ್ಚಿದ ಒಂದೊಂದು ಬುಟ್ಟಿಯಿಂದಲೂ ಸಜ್ಜಿ ರೊಟ್ಟಿಯ, ಎಳ್ಳಿನ, ಭಜ್ಜಿಯ ವಾಸನೆ. ಭಜ್ಜಿ ಎಂದರೆ ಬೆಂಗಳೂರಿನವರು ತಿಳಿಯುವ ಎಣ್ಣೆ ತಿಂಡಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಸೊಪ್ಪು, ಗಜ್ಜರಿ ಎಲ್ಲ ಒಂದೇ ಪಾತ್ರೆಗೆ ಬಿದ್ದು, ಕಡಲೆಹಿಟ್ಟು ಹುಳಿಯ ಜೊತೆ ಕುದ್ದು ಬರುವ ಪಲ್ಯ. ವರ್ಷಕ್ಕೆ ಒಮ್ಮೆ ಇದನ್ನು ಉಣ್ಣದವರು ಕಲಬುರಗಿಯವರೇ ಅಲ್ಲ ಎಂದು ಪಕ್ಕದ ಸೀಟಿನ ಅಕ್ಕ ನನಗೆ ತೀರ್ಪು ಕೊಟ್ಟರು.

ಹುಮನಾಬಾದ್ ರಸ್ತೆ ಹಿಡಿದ ಮೇಲೆ ಬಹಳ ಹೊತ್ತು ಊರು ಮುಗಿಯುವುದೇ ಇಲ್ಲ. ಎರೆ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು, ಎನ್.ಎ. (ಕೃಷಿಯೇತರ) ಪ್ಲಾಟಿನ ಕಮಾನುಗಳು, ಅವುಗಳಾಚೆ ಕಸದ ಗುಡ್ಡೆ, ಕಸದ ಮೇಲೆ ನಾಯಿಗಳ ಹಿಂಡು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ತೊಗರಿ ಶುರು. ಕೆಲವು ಕಡೆ ಕೊಯ್ದು ಗೂಡು ಹಾಕಿದ್ದರು, ಕೆಲವು ಕಡೆ ರಾಶಿ ಯಂತ್ರ ಹೊಟ್ಟು ಹಾರಿಸುತ್ತಿತ್ತು. ಕರ್ನಾಟಕದ ತೊಗರಿ ಕಣಜ ಎಂದು ಹೆಸರಾದ ಜಿಲ್ಲೆ ಇದು. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಕುರಿಕೋಟಾ ಸೇತುವೆ ದಾಟಿದಂತೆ ನೆಲ ಏರಿಳಿಯತೊಡಗುತ್ತದೆ. ಕಪ್ಪು ಮಣ್ಣು ಕೆಂಪಾಗುತ್ತದೆ. ಆ ಕೆಂಪಿನಲ್ಲಿ ಕಮಲಾಪುರ.

ಕಮಲಾಪುರ 2018ರಿಂದ ತಾಲ್ಲೂಕು ಕೇಂದ್ರ. ಅದಕ್ಕೂ ಮೊದಲಿನಿಂದ ಅದರ ಹೆಸರು ಉಳಿದಿರುವುದು ಕೆಂಪು ಬಾಳೆಯಿಂದ. ಬಸ್ ನಿಲ್ದಾಣದ ಹತ್ತಿರ ಬುಟ್ಟಿಯಲ್ಲಿಟ್ಟು ಮಾರುತ್ತಾರೆ: ತಾಮ್ರದ ಬಣ್ಣದ ದಪ್ಪ ಸಿಪ್ಪೆ, ಒಳಗೆ ಬೆಣ್ಣೆಯಂಥ ತಿರುಳು. ಬೆಲೆ ಕೇಳಿದರೆ ಮಾಮೂಲಿ ಬಾಳೆ ತಿನ್ನುವವರು ಹಿಂದೆ ಸರಿಯುತ್ತಾರೆ. ಗೊನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯುತ್ತದೆ, ಅಷ್ಟು ದಿನ ನೀರು ಗೊಬ್ಬರ ಎರೆದು ಕಾಯುವ ತಾಳ್ಮೆ ಈಗ ಯಾರಿಗೂ ಇಲ್ಲ ಎಂದು ಮಾರುವ ಅಜ್ಜಿ ಗೊಣಗಿದರು. ಇದಕ್ಕೂ ಭೌಗೋಳಿಕ ಗುರುತು ಇದೆ. ಗುರುತಿನ ಚೀಟಿ ಇದ್ದ ಮಾತ್ರಕ್ಕೆ ತೋಟ ಉಳಿಯುವುದಿಲ್ಲ ಎನ್ನುವುದಕ್ಕೆ ಕಮಲಾಪುರಕ್ಕಿಂತ ಬೇರೆ ಸಾಕ್ಷಿ ಬೇಡ.

ನನ್ನನ್ನು ಹಬ್ಬಕ್ಕೆ ಕರೆದಿದ್ದ ಗೌಡರ ಹೊಲ ಊರಿನಿಂದ ಟಂಟಂನಲ್ಲಿ ಸ್ವಲ್ಪ ದೂರ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜೆ ಮಾಡಿದರು. ಮನೆಯ ಹಿರಿಯರು ಹೊಲದ ಸುತ್ತ ಚರಗ (ಹಬ್ಬದ ಅಡುಗೆಯ ಒಂದು ಪಾಲು) ಚೆಲ್ಲಿ ಬಂದರು. ಊಟಕ್ಕೆ ಕೂತಾಗ ಗೌಡರ ಮಗ ತುತ್ತು ಕೈಯಲ್ಲೇ ಹಿಡಿದು ಕಣ್ಣಿನಿಂದ ತೋರಿಸಿದ. ಕಡಲೆ ಹೊಲದಾಚೆ ಬೀಳು ನೆಲದಲ್ಲಿ ಚಿಗರಿಗಳು. ಕಂದು ಬಣ್ಣದ ಹೆಣ್ಣುಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಒಂದೇ ಒಂದು ಗಂಡು, ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಿರುಚಿದ ಕೊಂಬು ಹಿಂದಕ್ಕೆ ಚಾಚಿ, ಮೂಗು ಮೇಲೆತ್ತಿ ನಿಂತಿತ್ತು. ನಾನು ಬೈನಾಕ್ಯುಲರ್ ತೆಗೆದೆ. ಗೌಡರು ನಕ್ಕರು.

“ಮುಂಜಾನಿಂದ ಅಲ್ಲೇ ನಿಂತಾವ್ರಿ. ನಾವು ಉಂಡು ಹೋದಮ್ಯಾಲ ಅವು ಉಣಲಕ್ಕ ಬರ್ತಾವ.”

ಹೊಲದ ಸುತ್ತ ಹಳೆಯ ಸೀರೆಗಳ ಬೇಲಿ. ಕೆಂಪು, ನೀಲಿ, ಹೂವಿನದು, ಒಂದು ರೇಷ್ಮೆ ಅಂಚಿನದೂ ಇತ್ತು. ಇದಕ್ಕೆ ಅಂಜುತ್ತವೆಯೇ ಎಂದು ಕೇಳಿದೆ. “ನಾಕ್ ದಿನ ಅಂಜ್ತಾವ್ರಿ. ಆಮ್ಯಾಲ ಸೀರಿ ನೆಳ್ಳಾಗೇ ಮಲಗ್ತಾವ” ಎಂದರು. ಪಟಾಕಿ, ಜಾಗಟೆ, ರಾತ್ರಿ ಮಂಚಿಗೆಯ ಮೇಲೆ ಕೂತು ಟಾರ್ಚು ಬಿಡುವುದು, ಎಲ್ಲವೂ ಆಗಿದೆಯಂತೆ. ಚಿಗರಿ ಕಡಲೆಯ, ಹೆಸರಿನ ಎಳೆ ಕುಡಿಯನ್ನು ಚಿವುಟಿ ತಿನ್ನುತ್ತದೆ. ಮೇಯ್ದ ಬೆಳೆ ಕಣ್ಣಿಗೆ ಕಾಣುವಂತೆ ಬೋಳಾಗುವುದಿಲ್ಲ, ಇಳುವರಿ ಮಾತ್ರ ಇಳಿಯುತ್ತದೆ. ಹಾಗಾಗಿ ಪರಿಹಾರಕ್ಕೆ ಅರ್ಜಿ ಹಾಕಿದರೆ ನಷ್ಟ ಎಷ್ಟೆಂದು ತೋರಿಸುವುದು ಕಷ್ಟ. ಫೋಟೊ, ಪಹಣಿ, ಪಂಚನಾಮೆ ಎಂದು ಓಡಾಡುವ ದಿನಗಳ ಕೂಲಿ ಲೆಕ್ಕ ಹಾಕಿದರೆ ಸುಮ್ಮನಿರುವುದೇ ಲೇಸು ಎಂದು ಅನೇಕರು ಬಿಟ್ಟಿದ್ದಾರೆ.

“ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಜಿಂಕಿ ಸರ್ಕಾರದ್ದು, ಹೊಲ ನಮ್ದು” ಎಂದರು ಗೌಡರು. ಸಿಟ್ಟಿನಿಂದಲ್ಲ, ಭಜ್ಜಿ ಬಡಿಸುತ್ತಲೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಕೃಷ್ಣಮೃಗವಿದೆ, ಹುಲಿಯ ಸಾಲಿನಲ್ಲೇ. ಸಿನಿಮಾ ನಟನ ಮೊಕದ್ದಮೆಯಿಂದಾಗಿ ಇದು ಎಲ್ಲರಿಗೂ ಗೊತ್ತು. ಆ ಕಾಯ್ದೆ ಇಲ್ಲದಿದ್ದರೆ ಈ ಹಿಂಡು ಎಂದೋ ಮಸಾಲೆಯಾಗುತ್ತಿತ್ತು, ಅದನ್ನು ಒಪ್ಪಲೇಬೇಕು. ಬೇಟೆ ನಿಂತ ಕಡೆ ಚಿಗರಿ ಚೇತರಿಸಿಕೊಂಡಿದೆ. ಆದರೆ ಚೇತರಿಸಿಕೊಂಡ ಪ್ರಾಣಿ ಎಲ್ಲಿ ಮೇಯಬೇಕು ಎಂಬುದನ್ನು ಕಾಯ್ದೆ ಹೇಳಲಿಲ್ಲ. ಅದರ ಹುಲ್ಲು ನಮ್ಮ ಹೊಲವಾಯಿತು, ನಾವು ಬಿತ್ತಿದ್ದು ಅದರ ಹುಲ್ಲಾಯಿತು. ಇಡೀ ಸಮಾಜಕ್ಕೆ ಬೇಕಾದ ಪ್ರಾಣಿಯನ್ನು ಸಾಕುವ ಖರ್ಚು ಹತ್ತೆಕರೆ ಒಣ ಬೇಸಾಯದವನ ತಲೆಯ ಮೇಲೆ ಬಿದ್ದಿದೆ. ಇದನ್ನು ಸಹನೆ ಎಂದು ಹೊಗಳಿ ಪ್ರಬಂಧ ಬರೆಯುವುದು ನಮಗೆ ಸುಲಭ. ನನ್ನ ಪ್ರಕಾರ ಅದು ಬಾಕಿ ಉಳಿಸಿಕೊಂಡ ಸಾಲ.

ಊಟವಾದ ಮೇಲೆ ಬೀಳಿನ ಕಡೆ ನಡೆದೆ. ಅದು ಊರಿನ ಗಾಯರಾಣ, ದನ ಕುರಿ ಮೇಯಲು ಬಿಟ್ಟ ನೆಲ. ಅಂಚಿನಲ್ಲೆಲ್ಲ ಬಳ್ಳಾರಿ ಜಾಲಿ ಹಬ್ಬಿದೆ. ನಡುವೆ ಇನ್ನೂ ಹುಲ್ಲಿದೆ, ಮೊಣಕಾಲುದ್ದದ್ದು, ಒಣಗಿ ಹೊಂಬಣ್ಣವಾಗಿದ್ದು. ಅದರ ಮೇಲೆ ಒಂದು ಸೆಳೆವ ನೆಲ ಸವರಿಕೊಂಡು ಹಾರುತ್ತಿತ್ತು. ಗಿಡುಗದ ಜಾತಿಯ ಈ ಹಕ್ಕಿಗಳು ಚಳಿಗಾಲ ಕಳೆಯಲು ಕಜಾಕಸ್ತಾನದ ಹುಲ್ಲುಗಾವಲಿನಿಂದ ದಖ್ಖನಿಗೆ ಬರುತ್ತವೆ. ಮಿಡತೆ ಹಿಡಿಯುತ್ತವೆ, ರಾತ್ರಿ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸಿದ ಔಷಧ ಮಿಡತೆಗೂ ಬೀಳುತ್ತದೆ. ಮಲಗಲು ಹುಲ್ಲು ಬೇರೆ ಕಡಿಮೆಯಾಗುತ್ತಿದೆ.

ಅಲ್ಲೇ ಕಂಬಳಿ ಹಾಸಿಕೊಂಡು ಕೂತಿದ್ದರು ಕುರಿ ಕಾಯುವ ಮುದುಕ. ಹಬ್ಬದ ದಿನವೂ ಕುರಿಗೆ ರಜೆಯಿಲ್ಲ. ಹಿಂಡಿನಲ್ಲಿ ಕಪ್ಪು ಡೆಕ್ಕನಿ ಕುರಿಗಳು ಕೆಲವು, ಎತ್ತರದ ಬಿಳಿ ಕುರಿಗಳೇ ಹೆಚ್ಚು. ಉಣ್ಣೆಗೆ ಬೆಲೆಯಿಲ್ಲ, ಮಾಂಸಕ್ಕೆ ಇದೆ. ಹಾಗಾಗಿ ಈ ನೆಲದ ಬಿಸಿಲಿಗೆ ಹುಟ್ಟಿದ ತಳಿ ಹಿಂಡಿನಿಂದ ಹಿಂಡಿಗೆ ಕರಗುತ್ತಿದೆ. “ಕಾಕಾ, ಇಲ್ಲಿ ತೋಳ ಅದಾವೇನು?” ಎಂದು ಕೇಳಿದೆ.

“ಅದಾವ. ಯಾಕ ಇರಂಗಿಲ್ಲ? ಕುರಿ ಅದಾವಂದ್ರ ಅವೂ ಅದಾವ.” ಹಿಂದಿನ ತಿಂಗಳು ಒಂದು ಮರಿ ಒಯ್ದಿದೆ. ದೂರು ಕೊಟ್ಟಿರಾ ಎಂದರೆ ನಕ್ಕರು. ಹೆಣ ಇಲ್ಲದೆ ಯಾರಿಗೆ ಏನು ತೋರಿಸುವುದು? “ತ್ವಾಳ ಬಂದ್ರ ಒಂದು ಒಯ್ತದ್ರಿ, ಹೊಟ್ಟಿಗಿ ಬೇಕಾದಷ್ಟು. ನಾಯಿ ಹೊಕ್ಕಂದ್ರ ಹತ್ತು ಕಡ್ದು ಕೆಡವಿ ಒಂದೂ ತಿನ್ನಂಗಿಲ್ಲ. ನನಗ ಅಂಜಿಕಿ ನಾಯಿದು.”

ಅವರ ಚಿಕ್ಕಂದಿನಲ್ಲಿ ದನ ಸತ್ತರೆ ಊರ ಹೊರಗೆ ಎಳೆದು ಹಾಕುತ್ತಿದ್ದರು. ಸಂಜೆಯೊಳಗೆ ರಣಹದ್ದುಗಳು ಎಲುಬು ಮಾತ್ರ ಉಳಿಸುತ್ತಿದ್ದವು. ಈಗ ರಣಹದ್ದು ಕಂಡ ನೆನಪೇ ಮಾಸಿದೆ. 1990ರ ದಶಕದಲ್ಲಿ ದನಗಳ ನೋವಿಗೆ ಡೈಕ್ಲೊಫೆನಾಕ್ ಚುಚ್ಚತೊಡಗಿದರು. ಆ ಔಷಧ ಸೇರಿದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಲ್ಲಿ ಕೋಟಿಗಟ್ಟಲೆ ಇದ್ದ ಹಕ್ಕಿಗಳು ನೂರಕ್ಕೆ ಒಂದರಂತೆಯೂ ಉಳಿಯಲಿಲ್ಲ. 2006ರಲ್ಲಿ ಪಶುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ಹದ್ದಿನ ಊಟ ನಾಯಿಗಳ ಪಾಲಾಗಿತ್ತು. ಹೆಣ, ನಗರದ ಕಸ, ಕೋಳಿ ಅಂಗಡಿಯ ತ್ಯಾಜ್ಯ ತಿಂದು ಬೆಳೆದ ಹಿಂಡುಗಳು ಈಗ ಚಿಗರಿ ಮರಿ ಹಿಡಿಯುತ್ತವೆ, ತೋಳಕ್ಕೆ ರೇಬಿಸ್, ಡಿಸ್ಟೆಂಪರ್ ಅಂಟಿಸುತ್ತವೆ. ಪುಣೆಯ ಹತ್ತಿರ ತೋಳ ಮತ್ತು ನಾಯಿಯ ಬೆರಕೆ ಮರಿಗಳಿರುವುದು ವಂಶವಾಹಿ ಪರೀಕ್ಷೆಯಲ್ಲೇ ಖಚಿತವಾಗಿದೆ. ಬಸ್ಸಿನ ಕಿಟಕಿಯಲ್ಲಿ ಕಂಡ ಆ ಕಸದ ಗುಡ್ಡೆ ಮಹಾನಗರ ಪಾಲಿಕೆಯ ವಿಷಯ ಎಂದುಕೊಂಡಿದ್ದರೆ, ಅದು ತೋಳದ ವಿಷಯವೂ ಹೌದು.

ಮುದುಕ ನನ್ನನ್ನು ಹಳ್ಳದ ದಂಡೆಗೆ ಕರೆದೊಯ್ದು ಒದ್ದೆ ಮಣ್ಣಿನಲ್ಲಿ ಹೆಜ್ಜೆ ತೋರಿಸಿದರು. ನನಗೆ ಅದು ನಾಯಿಯದೋ ತೋಳದ್ದೋ ತಿಳಿಯಲಿಲ್ಲ. ಅವರಿಗೆ ಸಂಶಯವಿರಲಿಲ್ಲ. ತೋಳ ಕಣ್ಣಿಗೆ ಬೀಳಲಿಲ್ಲ, ಬೀಳುತ್ತದೆಂದು ನಾನು ಕಾದೂ ಇರಲಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಮಕ್ಕಳ ಮೇಲೆ ತೋಳಗಳ ದಾಳಿಯಾದ ಸುದ್ದಿ ಟಿವಿಯಲ್ಲಿ ಬಂದಾಗಿನಿಂದ ಮೊಮ್ಮಕ್ಕಳು ಹೊಲಕ್ಕೆ ಬರಲು ಹೆದರುತ್ತಾರೆಂದು ಮುದುಕ ಹೇಳಿದರು. ಅವರು ಜೀವಮಾನವೆಲ್ಲ ತೋಳದ ನಡುವೆ ಮಲಗಿದವರು. ಅವರ ಮಾತಿಗಿಂತ ಟಿವಿಯ ಮಾತು ಜೋರು.

ಹಿಂದಿರುಗುವಾಗ ಗೌಡರು ಗಾಯರಾಣದ ಭವಿಷ್ಯ ಹೇಳಿದರು. ಅಲ್ಲಿ ಸಸಿ ನೆಡುವ ಮಾತಿದೆ, ಯಾರೋ ಸೋಲಾರ್‌ಗೆ ಜಾಗ ನೋಡಿಕೊಂಡು ಹೋದರು, ನಿವೇಶನಕ್ಕೆ ಕೊಡಿ ಎಂಬ ಬೇಡಿಕೆಯೂ ಇದೆ. ಮೂರರಲ್ಲಿ ಯಾವುದಾದರೂ ಊರಿಗೆ ಒಳ್ಳೆಯದೇ ಎಂಬುದು ಅವರ ಅಭಿಪ್ರಾಯ. ದೆಹಲಿಯಿಂದ ಬರುವ ಬಂಜರು ಭೂಮಿ ನಕಾಶೆಯಲ್ಲಿ ಇಂಥ ಹುಲ್ಲು ನೆಲವೆಲ್ಲ ಉಪಯೋಗವಿಲ್ಲದ್ದು ಎಂದೇ ನಮೂದು. ಹಾಗಿರುವಾಗ ಗೌಡರನ್ನು ದೂರುವುದು ಹೇಗೆ? ಸಸಿ ನೆಡುವುದನ್ನು ವಿರೋಧಿಸಿದರೆ ಜನ ವಿಚಿತ್ರವಾಗಿ ನೋಡುತ್ತಾರೆ, ಗೊತ್ತು. ಆದರೂ ಹೇಳಬೇಕು: ಹುಲ್ಲುಗಾವಲಿನಲ್ಲಿ ಮರ ತುಂಬಿಸುವುದು ಹಸಿರೀಕರಣವಲ್ಲ. ಇದಕ್ಕೆ ರಾಣೆಬೆನ್ನೂರು ಪುರಾವೆ. ಅಲ್ಲಿನ ಬಯಲಿಗೆ ನೀಲಗಿರಿ ನೆಟ್ಟರು. 1974ರಲ್ಲಿ ವನ್ಯಧಾಮ ಮಾಡಿದರು. ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ.

ಎರೆಭೂತ ಎಂದರೆ ಮೀಟರ್ ಎತ್ತರದ, ಹದಿನೈದು ಕಿಲೋ ತನಕ ತೂಗುವ ಬಯಲು ಹಕ್ಕಿ. ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲೊಂದು. 1930ರ ದಶಕದ ಆರಂಭದಲ್ಲಿ, ಕಲಬುರಗಿ ಇನ್ನೂ ನಿಜಾಮರ ಹೈದರಾಬಾದಿನಲ್ಲಿದ್ದಾಗ, ಆ ರಾಜ್ಯದ ಪಕ್ಷಿಗಳ ಸಮೀಕ್ಷೆ ನಡೆಸಿದವರು ಸಲೀಂ ಅಲಿ. ಮುಂದೆ ಅವರು ಎರೆಭೂತವನ್ನೇ ರಾಷ್ಟ್ರಪಕ್ಷಿ ಮಾಡಿರೆಂದು ಸೂಚಿಸಿದ್ದರು. 1963ರಲ್ಲಿ ಆ ಮಾನ ನವಿಲಿಗೆ ಹೋಯಿತು. ಕಲಬುರಗಿಯಿಂದ ರೈಲು ಹತ್ತಿದರೆ ಎರಡು ತಾಸಿನೊಳಗೆ ಸಿಗುವ ಸೊಲ್ಲಾಪುರದ ನನ್ನಜ್‌ನಲ್ಲಿ ಅದಕ್ಕಾಗಿ 1979ರಲ್ಲಿ ಎಂಟು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಧಾಮ ಘೋಷಿಸಿದರು. ಊರು, ಪೇಟೆ, ಖಾಸಗಿ ಹೊಲ ಎಲ್ಲ ಅದರೊಳಗೆ. ಜಮೀನು ಮಾರಲು ಕಟ್ಟಲು ತೊಡಕಾಗಿ ಜನ ಹಕ್ಕಿಯನ್ನೇ ಶಪಿಸಿದರು. ಕೊನೆಗೆ ಧಾಮವನ್ನು ಕತ್ತರಿಸಿ ಚಿಕ್ಕದು ಮಾಡಿದರು, ಅಷ್ಟರಲ್ಲಿ ಹಕ್ಕಿಯೇ ಅಪರೂಪವಾಗಿತ್ತು. ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ, ದೇಶದ ಬಯಲುಗಳಲ್ಲಿ ಒಟ್ಟು ನೂರೈವತ್ತಕ್ಕಿಂತ ಕಡಿಮೆ. ಕುರಿ ಕಾಯುವ ಮುದುಕನಿಗೆ ನಾನು ಫೋನಿನಲ್ಲಿ ಚಿತ್ರ ತೋರಿಸಿದ್ದೆ. “ನಮ್ಮಪ್ಪ ಕಂಡಿದ್ದ ಅಂತಿದ್ದ” ಎಂದಿದ್ದರು.

ಜಿಲ್ಲೆಯಲ್ಲಿ ಧಾಮವೇ ಇಲ್ಲವೆಂದಲ್ಲ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮ 134.88 ಚದರ ಕಿಲೋಮೀಟರ್ ಇದೆ. ಕುಂಚಾವರಂ ಕಡೆಯ ಆ ಕಾಡನ್ನೂ ನೋಡಿಬಂದೆ. ಚಂದ್ರಂಪಳ್ಳಿ ಕೆರೆ, ಗೊಟ್ಟಂಗೊಟ್ಟದ ಇಳಿಜಾರು, ಬೇಸಿಗೆಗೆ ಎಲೆ ಉದುರಿಸುವ ಕುರುಚಲು ಮರಗಳು. ತೋಳ, ಕತ್ತೆಕಿರುಬ, ಕೊಂಡುಕುರಿ ಅಲ್ಲಿಯ ಪಟ್ಟಿಯಲ್ಲಿವೆ. ಒಳಗೆ ಲಂಬಾಣಿ ತಾಂಡಾಗಳಿವೆ. ಅವರನ್ನು ಹೊರಗೆ ಕಳಿಸಬೇಕೇ, ಇರಗೊಡಬೇಕೇ ಎಂಬ ಜಗ್ಗಾಟ ಮುಗಿದಿಲ್ಲ. ಧಾಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಮಲಾಪುರದ ಚಿಗರಿ ಚಿಂಚೋಳಿಗೆ ವಲಸೆ ಹೋಗುವುದಿಲ್ಲ. ಅದು ಕಡಲೆ ಹೊಲದ ಪಕ್ಕದ ಬೀಳಿನಲ್ಲೇ ಹುಟ್ಟಿ, ಅಲ್ಲೇ ಸಾಯುತ್ತದೆ. ಗಾಯರಾಣವನ್ನು ಗಾಯರಾಣವಾಗಿಯೇ ಬಿಡುವುದು, ಮೇಯಿಸುವವರ ಕೈಗೇ ಅದರ ಕಾವಲು ಕೊಡುವುದು, ಒಂದು ಮರಿ ಹೋದರೆ ವಾರದೊಳಗೆ ದುಡ್ಡು ತಲುಪಿಸುವುದು, ಪ್ರಾಣಿಗಳು ಬೀಳದಂತೆ ಹೊಲದ ತೆರೆದ ಬಾವಿಗೆ ಕಟ್ಟೆ ಕಟ್ಟಿಸುವುದು. ಇವು ಧಾಮಕ್ಕಿಂತ ಅಗ್ಗದ ಕೆಲಸಗಳು. ಫೋಟೊ ತೆಗೆಸಿಕೊಳ್ಳಲು ಚೆನ್ನಾಗಿಲ್ಲದ್ದರಿಂದಲೋ ಏನೋ, ಆಗುತ್ತಿಲ್ಲ.

ಈ ಕಡೆ ಸುಗ್ಗಿಯಲ್ಲಿ ಬರುವವರಿಗೆ ಒಂದು ಮಾತು. ರಾಶಿ ಮಾಡುವಾಗ, ಹುಲ್ಲು ಕೊಯ್ಯುವಾಗ ಒಂಟಿ ಚಿಗರಿ ಮರಿ ಕಣ್ಣಿಗೆ ಬೀಳುವುದುಂಟು. ತಾಯಿ ಸತ್ತಿದೆಯೆಂದು ಮರುಕಪಟ್ಟು ಎತ್ತಿಕೊಂಡು ಬಂದು ಆಕಳ ಹಾಲು ಕುಡಿಸುತ್ತಾರೆ. ಅಂಥ ಮರಿಗಳು ಬಹುಪಾಲು ಬದುಕುವುದಿಲ್ಲ. ತಾಯಿ ಸತ್ತಿರುವುದಿಲ್ಲ. ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ಹಾಲೂಡಿಸಲು ತಿರುಗಿ ಬರುತ್ತದೆ. ಮುಟ್ಟಬೇಡಿ, ನಾಯಿಗಳನ್ನು ಅಟ್ಟಿ ದೂರ ಸರಿಯಿರಿ. ಮರಿಗೆ ಗಾಯವಾಗಿದ್ದರೆ, ಬಾವಿಗೆ ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ.